ರೂಲ್ ಬುಕ್ ಒಂದು, ವಿವರಣೆ ಇನ್ನೊಂದು ಹೇಳಿದಾಗ: ಅಂಪೈರ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

2023ರ ಅಕ್ಟೋಬರ್ 7. ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಪುರುಷರ ಕಬಡ್ಡಿ ಫೈನಲ್. ಭಾರತ 28, ಇರಾನ್ 28. ಆಟ ಮುಗಿಯಲು ಹೆಚ್ಚು ಹೊತ್ತಿಲ್ಲ. ರೈಡ್‌ಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ, ಅಂಕಣದ ಅಂಚಿನ ಪಟ್ಟಿಯಾದ ಲಾಬಿಗೆ ಕಾಲಿಟ್ಟರು. ಅವರನ್ನು ಹಿಡಿಯುವ ಭರದಲ್ಲಿ ಇರಾನಿನ ಡಿಫೆಂಡರ್‌ಗಳೂ ಲಾಬಿಗೆ ನುಗ್ಗಿದರು. ಹಳೆಯ ನಿಯಮದ ಪ್ರಕಾರ ಹಿಂದೆ ಬಂದ ಡಿಫೆಂಡರ್‌ಗಳೂ ಔಟ್. ಪ್ರೊ ಕಬಡ್ಡಿಯಲ್ಲಿ ರೂಢಿಗೆ ಬಂದ ಹೊಸ ನಿಯಮದ ಪ್ರಕಾರ ರೈಡರ್ ಒಬ್ಬನೇ ಔಟ್. ಅಧಿಕಾರಿಗಳು ಒಮ್ಮೆ ಹೀಗೆ, ಒಮ್ಮೆ ಹಾಗೆ ತೀರ್ಪು ಕೊಟ್ಟರು. ಎರಡೂ ತಂಡಗಳು ಅಂಕಣದಲ್ಲೇ ಕುಳಿತವು. ಒಂದು ಗಂಟೆಯಷ್ಟು ಹೊತ್ತು ಚಿನ್ನದ ಪದಕದ ಪಂದ್ಯ ನಿಂತುಹೋಯಿತು. ಕೊನೆಗೆ ಭಾರತ 33-29ರಲ್ಲಿ ಗೆದ್ದಿತು.

ಅಲ್ಲಿದ್ದ ಅಧಿಕಾರಿಗಳಿಗೆ ನಿಯಮ ಗೊತ್ತಿರಲಿಲ್ಲ ಎಂದಲ್ಲ, ಎರಡೂ ನಿಯಮ ಗೊತ್ತಿತ್ತು. ಈ ಪಂದ್ಯಕ್ಕೆ ಯಾವುದು ಲಾಗು ಎಂಬ ಪ್ರಶ್ನೆಯನ್ನು ಆಟಕ್ಕೆ ಮುಂಚೆ ಬಗೆಹರಿಸದೆ, ಅಂಕ ಸಮವಾಗಿದ್ದಾಗ ಬಗೆಹರಿಸಲು ಹೊರಟಿದ್ದರಿಂದ ಆ ಗಂಟೆ ಹೋಯಿತು. ನನ್ನ ಮಟ್ಟಿಗೆ ತೀರ್ಪುಗಾರರ ಕೆಲಸದಲ್ಲಿ ಇದಕ್ಕಿಂತ ದೊಡ್ಡ ವಿಷಯವಿಲ್ಲ. ನಿಯಮ ಪುಸ್ತಕದ ಪಠ್ಯ ಮತ್ತು ಅದರ ವ್ಯಾಖ್ಯಾನ ಬೇರೆಯಾದಾಗ ಯಾವುದು ಮೇಲು ಎಂದು ಮೈದಾನದಲ್ಲಿ ನಿಂತು ಆರಿಸುವುದು ಅಂಪೈರ್‌ನ ಕೆಲಸವಲ್ಲ. ಆ ಆಯ್ಕೆ ಬಹುತೇಕ ಮೊದಲೇ ಆಗಿರುತ್ತದೆ. ಎಲ್ಲಿ ಆಗಿದೆ ಎಂದು ಹುಡುಕಿ ತಿಳಿದಿರುವುದೇ ನಮ್ಮ ಕೆಲಸ.

ಇಲ್ಲಿಂದ ಮುಂದೆ ಕ್ರಿಕೆಟ್ ಉದಾಹರಣೆಗಳನ್ನೇ ಹಿಡಿಯುತ್ತೇನೆ. ಅದರ ಕಾಗದಪತ್ರಗಳೆಲ್ಲ ಸಾರ್ವಜನಿಕ, ನಮ್ಮ ತಾಲ್ಲೂಕು ಮೈದಾನಗಳಲ್ಲೂ ಹೆಚ್ಚು ಜನ ಅಂಪೈರ್ ಆಗಿ ನಿಲ್ಲುವುದು ಅದಕ್ಕೇ.

ಹೆಜ್ಜೆ 1: ಈ ಪಂದ್ಯಕ್ಕೆ ಯಾವ ಕಾಗದ ಲಾಗು?

ಕ್ರಿಕೆಟ್‌ನ ಮೂಲ ನಿಯಮಗಳು ಒಟ್ಟು 42. ಬರೆದು ತಿದ್ದುವ ಅಧಿಕಾರ ಲಂಡನ್ನಿನ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂಸಿಸಿಯದು. ಈಗಿನದು 2017ರ ಸಂಹಿತೆ. ಅದರ ಮೂರನೇ ಆವೃತ್ತಿ 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅಂತರರಾಷ್ಟ್ರೀಯ ಪಂದ್ಯಗಳಿಗೆ ಐಸಿಸಿ ತನ್ನ ಪ್ಲೇಯಿಂಗ್ ಕಂಡಿಷನ್ಸ್ (ಆ ಪಂದ್ಯಗಳ ಆಟದ ಷರತ್ತುಗಳು) ಹೊರಡಿಸುತ್ತದೆ, ದೇಶೀಯ ಪಂದ್ಯಗಳಿಗೆ ಮತ್ತು ಐಪಿಎಲ್‌ಗೆ ಬಿಸಿಸಿಐ. ನಿಮ್ಮ ಲೀಗ್‌ಗೆ ಕೆಎಸ್‌ಸಿಎ ಅಥವಾ ಟೂರ್ನಿಯ ಆಯೋಜಕರು ಕೊಟ್ಟ ನಿಯಮಾವಳಿ ಇರುತ್ತದೆ. ಟಾಸ್‌ಗೆ ಮೊದಲು ನಾಯಕರೊಂದಿಗೆ ಆ ಮೈದಾನಕ್ಕೆಂದು ಮಾಡಿಕೊಂಡ ಒಪ್ಪಂದವೂ ಸೇರುತ್ತದೆ.

ಸೂತ್ರ ಸರಳ. ಈ ಪಂದ್ಯಕ್ಕೆಂದೇ ಬರೆದದ್ದು ಎಲ್ಲ ಪಂದ್ಯಗಳಿಗೆ ಬರೆದದ್ದನ್ನು ಮೀರುತ್ತದೆ. ಅದು ಸುಮ್ಮನಿರುವಲ್ಲಿ ಮೂಲ ನಿಯಮಕ್ಕೆ ಮರಳಬೇಕು.

2023ರ ನವೆಂಬರ್ 6ರಂದು ದೆಹಲಿಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಟೈಮ್ಡ್ ಔಟ್ (ಗೊತ್ತಾದ ಸಮಯದೊಳಗೆ ಸಿದ್ಧರಾಗದೆ ಔಟ್) ಆದದ್ದು ಇದಕ್ಕೆ ಸ್ಪಷ್ಟ ಉದಾಹರಣೆ. ಎಂಸಿಸಿಯ ನಿಯಮ 40ರ ಪ್ರಕಾರ ಹೊಸ ಬ್ಯಾಟರ್‌ಗೆ 3 ನಿಮಿಷ ಸಮಯವಿದೆ. ಆ ವಿಶ್ವಕಪ್‌ನ ಪ್ಲೇಯಿಂಗ್ ಕಂಡಿಷನ್ಸ್‌ನಲ್ಲಿದ್ದದ್ದು 2 ನಿಮಿಷ. ಅಂತರರಾಷ್ಟ್ರೀಯ ಟಿ20ಯಲ್ಲಿ 90 ಸೆಕೆಂಡು. ಮ್ಯಾಥ್ಯೂಸ್ ಕ್ರೀಸ್ ಬಳಿ ಬಂದ ಮೇಲೆ ಹೆಲ್ಮೆಟ್ ಪಟ್ಟಿ ಕಿತ್ತುಬಂತು. ಎದುರಾಳಿ ಬಾಂಗ್ಲಾದೇಶದ ನಾಯಕ ಶಕೀಬ್ ಅಲ್ ಹಸನ್ ಅಪೀಲ್ ಮಾಡಿದರು, ಹಿಂತೆಗೆದುಕೊಳ್ಳಲಿಲ್ಲ. ‘ಅವನು ಸಮಯಕ್ಕೆ ಕ್ರೀಸ್‌ಗೆ ಬಂದಿದ್ದನಲ್ಲ’ ಎಂಬ ವಾದ ವಾರಗಟ್ಟಲೆ ನಡೆಯಿತು. ಪಠ್ಯ ಕೇಳುವುದು ಕ್ರೀಸ್‌ಗೆ ಬಂದದ್ದನ್ನಲ್ಲ, ಚೆಂಡು ಎದುರಿಸಲು ಸಿದ್ಧವಾಗಿದ್ದದ್ದನ್ನು.

ಈಗ ನಿಮ್ಮ ಮೈದಾನಕ್ಕೆ ಬನ್ನಿ. 20 ಓವರ್‌ಗಳ ಟೂರ್ನಿ, ಆಯೋಜಕರ ಕಾಗದದಲ್ಲಿ ಟೈಮ್ಡ್ ಔಟ್ ಬಗ್ಗೆ ಒಂದು ಮಾತೂ ಇಲ್ಲ. ಟಿ20 ಎಂದ ಮಾತ್ರಕ್ಕೆ 90 ಸೆಕೆಂಡು ಹಿಡಿಯುವ ಹಾಗಿಲ್ಲ. ಅದು ಐಸಿಸಿ ತನ್ನ ಪಂದ್ಯಗಳಿಗೆ ಬರೆದುಕೊಂಡದ್ದು. ನಿಮಗೆ ಲಾಗು ಆಗುವುದು 3 ನಿಮಿಷ.

ಚೆಂಡಿಗೆ ಎಂಜಲು ಹಚ್ಚುವುದೂ ಇದೇ ಬಗೆಯದು. ಕೋವಿಡ್ ಕಾಲದಲ್ಲಿ ಐಸಿಸಿ ನಿಷೇಧಿಸಿತು, 2022ರಲ್ಲಿ ಅದು ಕಾಯಂ ಆಯಿತು, ಎಂಸಿಸಿ ನಿಯಮದಲ್ಲೂ ಸೇರಿತು. ಆದರೆ 2025ರ ಐಪಿಎಲ್‌ನಲ್ಲಿ ಬಿಸಿಸಿಐ ಮತ್ತೆ ಅವಕಾಶ ಕೊಟ್ಟಿತು. ಐಪಿಎಲ್ ನೋಡಿ ಬಂದ ಹುಡುಗ ನಿಮ್ಮ ಲೀಗ್‌ನಲ್ಲಿ ಎಂಜಲು ಹಚ್ಚಿದರೆ ‘ಟೀವಿಯಲ್ಲಿ ಎಲ್ಲರೂ ಹಚ್ತಾರಲ್ಲ ಸರ್’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನು ನೋಡಿದ ಪಂದ್ಯದ ಕಾಗದ ಬೇರೆ, ಅಷ್ಟೇ.

ಹೆಜ್ಜೆ 2: ತಾರೀಖು ನೋಡಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಮತ್ತು ಇವತ್ತಿನ ಅತಿ ಹೆಚ್ಚು ಗೊಂದಲ ಇಲ್ಲೇ ಹುಟ್ಟುತ್ತಿದೆ. ಬೌಂಡರಿ ಗೆರೆಯ ಕ್ಯಾಚ್ ತೆಗೆದುಕೊಳ್ಳಿ.

2023ರ ಜನವರಿ 1ರಂದು ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯಾದ ಟಿ20 ಲೀಗ್ ಬಿಗ್ ಬ್ಯಾಷ್‌ನ ಪಂದ್ಯ. ಜೋರ್ಡಾನ್ ಸಿಲ್ಕ್ ಹೊಡೆದ ಚೆಂಡನ್ನು ಮೈಕಲ್ ನೀಸರ್ ಗೆರೆಯ ಒಳಗೆ ಹಿಡಿದು, ಆಯ ತಪ್ಪುತ್ತಲೇ ಮೇಲಕ್ಕೆಸೆದು ಗೆರೆ ದಾಟಿದರು. ಚೆಂಡೂ ಗೆರೆಯ ಆಚೆಗೇ ಬಂತು. ಅವರು ಹೊರಗಿನ ನೆಲದಿಂದ ನೆಗೆದು, ಗಾಳಿಯಲ್ಲಿದ್ದಾಗಲೇ ಅದನ್ನು ಒಳಗೆ ತಟ್ಟಿ, ಮತ್ತೆ ಒಳಗೆ ಬಂದು ಹಿಡಿದರು. ಔಟ್. ನಿಯಮ 19.5.2ರ ಪಠ್ಯ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಫೀಲ್ಡರ್ ಚೆಂಡನ್ನು ಮೊಟ್ಟಮೊದಲು ಮುಟ್ಟುವ ಮುಂಚೆ ಅವನ ಕಾಲು ಕೊನೆಯದಾಗಿ ಊರಿದ್ದು ಗೆರೆಯ ಒಳಗೋ? ಒಳಗೆ ಎಂದಾದರೆ, ಆಮೇಲೆ ಹೊರಗಿನಿಂದ ನೆಗೆದು ಮುಟ್ಟಿದರೂ ತೊಂದರೆಯಿಲ್ಲ. ತೀರ್ಪು ಪಠ್ಯಕ್ಕೆ ಸರಿಯಾಗಿತ್ತು.

ಜನಕ್ಕೆ ಒಪ್ಪಿಗೆಯಾಗಲಿಲ್ಲ, ಕೊನೆಗೆ ಎಂಸಿಸಿಗೂ ಆಗಲಿಲ್ಲ. ಹೊಸ ವಿವರಣೆಯ ಪ್ರಕಾರ ಗೆರೆಯ ಆಚೆ ಹೋದ ಫೀಲ್ಡರ್ ಗಾಳಿಯಲ್ಲಿದ್ದು ಚೆಂಡನ್ನು ಒಂದೇ ಸಲ ಮುಟ್ಟಬಹುದು, ಆಮೇಲೆ ಅವನು ಇಳಿಯಬೇಕಾದ್ದು ಪೂರ್ತಿ ಗೆರೆಯ ಒಳಗೆ. ಜೊತೆಗಾರನ ಕಡೆಗೆ ಚೆಂಡು ತಟ್ಟಿ ತಾನು ಹೊರಗೇ ಬಿದ್ದರೂ ಅದು ಬೌಂಡರಿಯೇ. ಗೆರೆಯ ಒಳಗಿನಿಂದ ಚೆಂಡನ್ನು ಮೇಲಕ್ಕೆಸೆದು, ಹೊರಗೆ ಕಾಲಿಟ್ಟು, ಒಳಗೆ ಮರಳಿ ಹಿಡಿಯುವುದಕ್ಕೆ ಅಡ್ಡಿಯಿಲ್ಲ.

ಐಸಿಸಿ ಇದನ್ನು 2025ರ ಜೂನ್‌ನಲ್ಲೇ ತನ್ನ ಪ್ಲೇಯಿಂಗ್ ಕಂಡಿಷನ್ಸ್‌ಗೆ ಸೇರಿಸಿಕೊಂಡಿತು. ಎಂಸಿಸಿಯ ನಿಯಮ ಪುಸ್ತಕಕ್ಕೆ ಇದು ಸೇರಲು ಗೊತ್ತುಮಾಡಿದ್ದು 2026ರ ಅಕ್ಟೋಬರ್. ಅಂದರೆ ನಡುವಿನ ಹದಿನೈದು ತಿಂಗಳು ಒಂದೇ ಕ್ಯಾಚ್ ಟೀವಿಯಲ್ಲಿ ಸಿಕ್ಸರ್, ಮೂಲ ನಿಯಮದಂತೆ ಆಡುವ ಲೀಗ್‌ನಲ್ಲಿ ಔಟ್. ಅಂಪೈರ್ ಹೊಸದನ್ನು ‘ಸರಿಯಾದದ್ದು’ ಎಂದು ಮನಸ್ಸಿನಲ್ಲಿ ಒಪ್ಪಿದರೂ, ತಾನು ನಿಂತ ಪಂದ್ಯಕ್ಕೆ ಅದು ಜಾರಿಯಾಗದಿದ್ದರೆ ಹಳೆಯದರಂತೆಯೇ ಬೆರಳೆತ್ತಬೇಕು. ‘ಹೇಗೂ ಬದಲಾಗುತ್ತಲ್ಲ’ ಎಂದು ಮುಂದಿನ ವರ್ಷದ ನಿಯಮವನ್ನು ಈ ವರ್ಷ ಹೇರುವುದು ಅನ್ಯಾಯ.

ಕಿಟ್‌ನಲ್ಲಿಡುವ ಪ್ರತಿಯ ಮೇಲೆ ಆವೃತ್ತಿ, ಜಾರಿಯ ದಿನಾಂಕ ಎರಡನ್ನೂ ದಪ್ಪಗೆ ಬರೆದುಕೊಳ್ಳಿ. ಹಳೆಯ ಪ್ರತಿಯನ್ನು ಮನೆಯಲ್ಲಿಡಿ.

ಹೆಜ್ಜೆ 3: ನಿಜವಾಗಿ ಘರ್ಷಣೆ ಇದೆಯೇ?

‘ಪುಸ್ತಕದಲ್ಲಿ ಹಾಗಿಲ್ಲ’ ಎಂಬ ಮಾತಿನ ಹಿಂದೆ ಮೂರು ಬೇರೆ ಬೇರೆ ಸ್ಥಿತಿಗಳಿರುತ್ತವೆ. ಪಠ್ಯ ಸುಮ್ಮನಿದ್ದು ವ್ಯಾಖ್ಯಾನ ಆ ಜಾಗ ತುಂಬಿರಬಹುದು. ಪಠ್ಯವನ್ನು ಎರಡು ಬಗೆಯಲ್ಲಿ ಓದಲು ಬಂದು, ವ್ಯಾಖ್ಯಾನ ಒಂದನ್ನು ಆರಿಸಿರಬಹುದು. ಇಲ್ಲವೇ ಪಠ್ಯ ಸ್ಪಷ್ಟವಾಗಿ ಒಂದು ಹೇಳಿ, ವ್ಯಾಖ್ಯಾನ ಅದಕ್ಕೆ ತದ್ವಿರುದ್ಧ ಹೇಳಿರಬಹುದು. ಮೊದಲೆರಡರಲ್ಲಿ ಘರ್ಷಣೆಯೇ ಇಲ್ಲ, ವ್ಯಾಖ್ಯಾನ ಪಾಲಿಸಿ. ಮೂರನೆಯದು ಅಪರೂಪ.

ಎರಡನೆಯ ಸ್ಥಿತಿಗೆ ನಿಯಮ 38.3ಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬೌಲರ್ ತುದಿಯಲ್ಲಿ ನಾನ್‌ಸ್ಟ್ರೈಕರ್‌ನನ್ನು ರನೌಟ್ ಮಾಡುವ ನಿಯಮ, ನಮ್ಮವರು ಈಗಲೂ ‘ಮಂಕಡ್’ ಎನ್ನುವುದು. 2022ರ ಆವೃತ್ತಿಯ ಪಠ್ಯದ ಸಾರ ಹೀಗಿತ್ತು: ಚೆಂಡು ಆಟಕ್ಕೆ ಬಂದಾಗಿನಿಂದ, ಬೌಲರ್ ಸಹಜವಾಗಿ ಚೆಂಡು ಬಿಡಬೇಕಾದ ಕ್ಷಣದವರೆಗೆ, ಯಾವ ಹೊತ್ತಿನಲ್ಲಾದರೂ ನಾನ್‌ಸ್ಟ್ರೈಕರ್ ಕ್ರೀಸ್‌ನ ಹೊರಗಿದ್ದರೆ ರನೌಟ್‌ಗೆ ಗುರಿಯಾಗುತ್ತಾನೆ.

ನಿಧಾನವಾಗಿ ಓದಿ. ‘ಆ ಕ್ಷಣಕ್ಕೆ ಮುಂಚೆ ಹೊರಗೆ ಹೋಗಿದ್ದ, ಆದ್ದರಿಂದ ಬೌಲರ್ ತೋಳು ಪೂರ್ತಿ ತಿರುಗಿಸಿ ಆಮೇಲೆ ಬೇಲ್ಸ್ ಹಾರಿಸಿದರೂ ಔಟ್’ ಎಂದು ಓದಲು ಬರುತ್ತದೆ. ‘ಆ ಕ್ಷಣ ದಾಟಿದ ಮೇಲೆ ಬೌಲರ್‌ನ ಅವಕಾಶವೂ ಮುಗಿಯಿತು’ ಎಂದೂ ಓದಲು ಬರುತ್ತದೆ. ಎಂಸಿಸಿಯ ಉದ್ದೇಶವೂ ಅಂಪೈರ್‌ಗಳ ರೂಢಿಯೂ ಎರಡನೆಯದು.

2023ರ ಜನವರಿಯಲ್ಲಿ ಮೆಲ್ಬರ್ನ್‌ನ ಬಿಗ್ ಬ್ಯಾಷ್ ಪಂದ್ಯದಲ್ಲಿ ಇದಕ್ಕೆ ಪರೀಕ್ಷೆ ಬಂತು. ಆಡಂ ಝಾಂಪಾ ಬೌಲಿಂಗ್ ಮಾಡಲು ಬಂದು ತೋಳು ತಿರುಗಿಸಿ, ಚೆಂಡು ಬಿಡದೆ, ಟಾಮ್ ರಾಜರ್ಸ್ ಹೊರಗಿದ್ದಾಗ ಬೇಲ್ಸ್ ಹಾರಿಸಿದರು. ತೀರ್ಪು ಟೀವಿ ಅಂಪೈರ್‌ಗೆ ಹೋಯಿತು. ತೋಳು ಲಂಬವನ್ನು ದಾಟಿತ್ತು, ನಾಟೌಟ್. ಪುಸ್ತಕ ಹಿಡಿದು ಕೂತವರು ಕೇಳಿದರು: ‘ತೋಳಿನ ಮಾತು ಇದರಲ್ಲೆಲ್ಲಿದೆ?’ ಪ್ರಶ್ನೆ ನ್ಯಾಯವಾದದ್ದೇ. ಎಂಸಿಸಿ ಅದೇ ತಿಂಗಳು ಪದಗಳಲ್ಲಿ ಅಸ್ಪಷ್ಟತೆ ಇದೆ ಎಂದು ಒಪ್ಪಿ ಪಠ್ಯ ತಿದ್ದಿತು. ಬೌಲರ್ ಚೆಂಡು ಬಿಡಬೇಕಾದ ಕ್ಷಣ ತಲುಪಿದ ಮೇಲೆ, ನಾನ್‌ಸ್ಟ್ರೈಕರ್ ಅದಕ್ಕೆ ಮುಂಚೆಯೇ ಹೊರಟಿದ್ದರೂ ಈ ನಿಯಮದಡಿ ರನೌಟ್ ಸಾಧ್ಯವಿಲ್ಲ ಎಂದು ಬಿಡಿಸಿ ಬರೆಯಿತು. ಟೀವಿ ಅಂಪೈರ್ ನಿಯಮ ಸೃಷ್ಟಿಸಲಿಲ್ಲ, ತಮಗೆ ಇಷ್ಟವಾದ ಅರ್ಥ ಹಿಡಿಯಲಿಲ್ಲ. ಎರಡು ಓದುಗಳಲ್ಲಿ ನಿಯಮದ ಒಡೆಯರು ಹೇಳುತ್ತಿದ್ದ ಓದನ್ನು ಹಿಡಿದರು.

ಮೂರನೆಯ ಸ್ಥಿತಿ ಬಂದರೆ ವ್ಯಾಖ್ಯಾನದ ಮೂಲ ಕೇಳಿ. ಬರೆದವರು ಯಾರು? ಈ ಪಂದ್ಯದ ಮೇಲೆ ಅವರಿಗೆ ಅಧಿಕಾರವಿದೆಯೇ? ದಿನಾಂಕ ಇದೆಯೇ? ಎರಡೂ ತಂಡಗಳಿಗೆ ತಲುಪಿದೆಯೇ? ನಾಲ್ಕಕ್ಕೂ ಉತ್ತರವಿದ್ದರೆ ಪಾಲಿಸಿ, ನಿಮ್ಮ ಆಕ್ಷೇಪ ವರದಿಯಲ್ಲಿ ಬರಲಿ. ವಾಟ್ಸಾಪ್‌ನಲ್ಲಿ ಬಂದ ಸಹಿಯಿಲ್ಲದ ಚಿತ್ರ, ಕಾಮೆಂಟೇಟರ್‌ನ ಮಾತು, ತರಬೇತಿಯಲ್ಲಿ ಯಾರೋ ಹೇಳಿದ್ದು ಪಠ್ಯವನ್ನು ಮೀರಲಾರವು. ಹಿರಿಯ ಅಂಪೈರ್ ಹೇಳಿದರೂ ಅಷ್ಟೇ. ‘ನಮ್ಮ ಕಾಲದಿಂದ ಹೀಗೇ ಕೊಡೋದು’ ಎಂದಾಗ ಎದುರು ವಾದಿಸಬೇಕಿಲ್ಲ. ‘ಯಾವ ಸರ್ಕ್ಯುಲರ್‌ನಲ್ಲಿದೆ ಸರ್, ನಾನೂ ಒಂದು ಪ್ರತಿ ಇಟ್ಕೋತೀನಿ’ ಎಂದು ಕೇಳಿ. ಇದ್ದರೆ ನಿಮಗೆ ಲಾಭ. ಇಲ್ಲದಿದ್ದರೆ ಅವರಿಗೂ ಅದು ತಿಳಿಯುತ್ತದೆ, ಮರ್ಯಾದೆಗೆ ಕುಂದಿಲ್ಲದೆ.

ಹೆಜ್ಜೆ 4: ಟಾಸ್‌ಗೆ ಮುಂಚಿನ ಹತ್ತು ನಿಮಿಷ

ನಿಯಮ 2.3 ಇದಕ್ಕೆಂದೇ ಇದೆ. ಟಾಸ್‌ಗೆ ಮೊದಲು ಅಂಪೈರ್‌ಗಳು ನಾಯಕರೊಂದಿಗೆ ಚೆಂಡು, ವಿರಾಮದ ಸಮಯ, ಯಾವ ಗಡಿಯಾರ, ಬೌಂಡರಿ, ವಿಶೇಷ ಷರತ್ತುಗಳು ಇವೆಲ್ಲವನ್ನೂ ನಿಶ್ಚಯಿಸಿಕೊಳ್ಳಬೇಕು. ನಮ್ಮಲ್ಲಿ ಬಹಳ ಕಡೆ ಇದು ಕೈಕುಲುಕುವುದರಲ್ಲೇ ಮುಗಿದುಹೋಗುತ್ತದೆ.

ಮೊದಲು ಜೊತೆ ಅಂಪೈರ್ ಹತ್ತಿರ ಮಾತಾಡಿ. ಜಗಳ ಬರಬಹುದಾದ ನಿಯಮಗಳನ್ನು ಮಾತ್ರ ಎತ್ತಿಕೊಳ್ಳಿ: ಬೌಂಡರಿ ಕ್ಯಾಚ್, ನಾನ್‌ಸ್ಟ್ರೈಕರ್ ರನೌಟ್, ಟೈಮ್ಡ್ ಔಟ್, ಸೀಮಿತ ಓವರ್‌ಗಳ ವೈಡ್ ಗೆರೆ, ಎತ್ತರದ ನೋಬಾಲ್. ಇಬ್ಬರ ಉತ್ತರ ಬೇರೆಯಾದರೆ ಅಲ್ಲೇ ಪುಸ್ತಕ ತೆರೆಯಿರಿ. ಲೆಗ್ ಅಂಪೈರ್ ಒಂದು ಬಗೆ, ಬೌಲರ್ ತುದಿಯ ಅಂಪೈರ್ ಇನ್ನೊಂದು ಬಗೆ ಕೊಡುತ್ತಿದ್ದರೆ ಮೂರನೇ ಓವರ್‌ಗೇ ಆಟಗಾರರಿಗೆ ಗೊತ್ತಾಗಿಬಿಡುತ್ತದೆ.

ಆಮೇಲೆ ಮೈದಾನ ಸುತ್ತಿ ಬನ್ನಿ. ಒಳಕ್ಕೆ ಚಾಚಿದ ಮರದ ಕೊಂಬೆ, ಮೇಲೆ ಹಾದುಹೋದ ವಿದ್ಯುತ್ ತಂತಿ, ಪಕ್ಕದ ಪಿಚ್‌ನಲ್ಲಿ ನಡೆಯುವ ಇನ್ನೊಂದು ಪಂದ್ಯ. ನಿಯಮ 19ರ ಪ್ರಕಾರ ಮೈದಾನದೊಳಗಿನ ಅಡ್ಡಿ, ಟಾಸ್‌ಗೆ ಮುಂಚೆ ಅಂಪೈರ್‌ಗಳು ಹಾಗೆಂದು ನಿರ್ಧರಿಸದ ಹೊರತು, ಬೌಂಡರಿಯಲ್ಲ. ‘ಮರಕ್ಕೆ ತಾಗಿದರೆ ನಾಲ್ಕು’ ಎಂಬ ಊರಿನ ರೂಢಿ ನಿಮಗೆ ಒಪ್ಪಿಗೆಯಾದರೆ ಟಾಸ್‌ಗೆ ಮುಂಚೆ ನಿರ್ಧರಿಸಿ ಹೇಳಿ. ಹೇಳದಿದ್ದರೆ ಆ ರೂಢಿಗೆ ಬೆಲೆಯಿಲ್ಲ.

ನಾಯಕರ ಮುಂದೆ ಉಪನ್ಯಾಸ ಬೇಡ. ‘ಬೌಂಡರಿ ಕ್ಯಾಚ್‌ಗೆ ಈ ಟೂರ್ನಿಯಲ್ಲಿ ಎಂಸಿಸಿ ಪುಸ್ತಕದ ನಿಯಮ, ಟೀವಿಯಲ್ಲಿ ನೋಡ್ತಿರೋದಲ್ಲ. ಟೈಮ್ಡ್ ಔಟ್ ಮೂರು ನಿಮಿಷ. ಏನಾದ್ರೂ ಕೇಳೋದಿದ್ರೆ ಈಗ ಕೇಳಿ.’ ಇಷ್ಟೇ. ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ ಪಡೆದು, ಸ್ಕೋರರ್‌ಗೂ ಒಂದು ಪ್ರತಿ ಕೊಡಿ. ಸ್ಕೋರರ್‌ಗಳನ್ನು ಮರೆಯುವ ಚಾಳಿ ನಮ್ಮಲ್ಲಿದೆ. ಆಟದುದ್ದಕ್ಕೂ ಕಾಗದ ಎದುರಿಟ್ಟು ಕೂರುವವರು ಅವರೇ.

ಹೆಜ್ಜೆ 5: ಮೈದಾನದಲ್ಲಿ, ಮೊದಲು ಏನಾಯಿತು ಎಂಬುದು

ನಿಯಮದ ಜಗಳ ಎಂದು ಪ್ರಸಿದ್ಧವಾದ ಎಷ್ಟೋ ಪ್ರಕರಣಗಳು ನಿಜವಾಗಿ ಏನು ನಡೆಯಿತು ಎಂಬುದರ ಜಗಳ. 2019ರ ಜುಲೈ 14ರ ಲಾರ್ಡ್ಸ್‌ನ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಇಂಗ್ಲೆಂಡ್‌ಗೆ 3 ಎಸೆತಗಳಲ್ಲಿ 9 ರನ್ ಬೇಕು. ನ್ಯೂಜಿಲೆಂಡಿನ ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು, ಎರಡನೇ ರನ್‌ಗೆ ಹಾರಿದ ಬೆನ್ ಸ್ಟೋಕ್ಸ್ ಬ್ಯಾಟ್‌ಗೆ ತಾಗಿ ಬೌಂಡರಿಗೆ ಹೋಯಿತು. ಅಂಪೈರ್‌ಗಳಾದ ಕುಮಾರ ಧರ್ಮಸೇನ ಮತ್ತು ಮರಾಯ್ ಎರಾಸ್ಮಸ್ ಮಾತಾಡಿಕೊಂಡು 6 ರನ್ ಕೊಟ್ಟರು.

ನಿಯಮ 19.8ರ ಪ್ರಕಾರ ಓವರ್‌ಥ್ರೋ ಬೌಂಡರಿ ಸೇರಿದಾಗ, ನಡೆಯುತ್ತಿದ್ದ ರನ್ ಸೇರಬೇಕಾದರೆ ಎಸೆತದ ಅಥವಾ ಆ ಕೃತ್ಯದ ಕ್ಷಣದಲ್ಲಿ ಬ್ಯಾಟರ್‌ಗಳು ಪರಸ್ಪರ ದಾಟಿರಬೇಕು. ಗಪ್ಟಿಲ್ ಎಸೆದಾಗ ಸ್ಟೋಕ್ಸ್ ಮತ್ತು ಆದಿಲ್ ರಶೀದ್ ದಾಟಿರಲಿಲ್ಲ. ಮಾಜಿ ಅಂಪೈರ್ ಸೈಮನ್ ಟೌಫೆಲ್ 5 ಕೊಡಬೇಕಿತ್ತು ಎಂದರು. ಹಾಗಾಗಿದ್ದರೆ 2 ಎಸೆತಗಳಲ್ಲಿ ಬೇಕಿದ್ದದ್ದು 3 ಅಲ್ಲ, 4, ಎದುರಿಸಬೇಕಿದ್ದದ್ದು ರಶೀದ್. ‘ಕೃತ್ಯ’ ಎಂದರೆ ಬ್ಯಾಟಿಗೆ ತಾಗಿದ್ದೂ ಆಗಬಹುದಲ್ಲ ಎಂದು ಕೆಲವರು ಪಠ್ಯದಲ್ಲಿ ದಾರಿ ಹುಡುಕಿದರು. ಎಂಸಿಸಿಯ ವಿಶ್ವ ಕ್ರಿಕೆಟ್ ಸಮಿತಿಗೆ ಆ ನಿಯಮ ಸ್ಪಷ್ಟವಾಗಿಯೇ ಕಂಡಿತು. ಧರ್ಮಸೇನ ಕೂಡ ರಿಪ್ಲೇ ನೋಡಿದ ಮೇಲೆ ತಪ್ಪಾಗಿದೆ ಎಂದು ಒಪ್ಪಿದರು. ಆ ಗಳಿಗೆಯಲ್ಲಿ ಕಣ್ಣು ಎಲ್ಲಿತ್ತು ಎಂಬುದೇ ಪ್ರಶ್ನೆ.

ಇದರಿಂದ ಕಲಿಯಬೇಕಾದ ಅಭ್ಯಾಸ ಒಂದಿದೆ. ಫೀಲ್ಡರ್ ಚೆಂಡೆತ್ತಿ ತೋಳು ಹಿಂದಕ್ಕೆಳೆದ ಕೂಡಲೇ ಒಬ್ಬ ಅಂಪೈರ್ ಪಿಚ್‌ನ ನಡುವೆ ನೋಡಬೇಕು: ದಾಟಿದರೋ, ಇಲ್ಲವೋ? ಯಾರು ನೋಡುವುದು ಎಂದು ಟಾಸ್‌ಗೆ ಮುಂಚೆಯೇ ಹಂಚಿಕೊಳ್ಳಿ. ಪ್ರತಿ ಎಸೆತಕ್ಕೂ ಮಾಡಿ, ಓವರ್‌ಥ್ರೋ ಆಗದಿದ್ದರೂ.

ಏನಾಯಿತೆಂದು ಖಚಿತವಾದ ಮೇಲೆ ನಿಯಮ. ಸಂದೇಹವಿದ್ದರೆ ಜೊತೆ ಅಂಪೈರ್ ಹತ್ತಿರ ಹೋಗಿ. ನಾಯಕರನ್ನು ದೂರ ನಿಲ್ಲಿಸಿ. ನಿಯಮ 2.11ರ ಪ್ರಕಾರ ವಿವಾದದಲ್ಲಿ ಅಂತಿಮ ತೀರ್ಮಾನ ಇಬ್ಬರು ಅಂಪೈರ್‌ಗಳು ಸೇರಿ ಮಾಡುವುದು. 2.12ರ ಪ್ರಕಾರ ತೀರ್ಪು ಬದಲಿಸಬಹುದು, ಆದರೆ ಕೂಡಲೇ. ಮುಂದಿನ ಎಸೆತ ಬಿದ್ದ ಮೇಲೆ ಅಲ್ಲ.

ಅಷ್ಟಾದರೂ ಪಠ್ಯ ಎರಡರ್ಥ ಕೊಡುತ್ತಿದ್ದು, ಯಾವ ಸುತ್ತೋಲೆಯೂ ಇಲ್ಲದಿದ್ದರೆ? ಈ ಪಂದ್ಯದಲ್ಲೇ ಅಂಥದೊಂದು ತೀರ್ಪು ಮೊದಲೇ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಆ ನಿಯಮ ಯಾಕೆ ಹುಟ್ಟಿತು ಎಂದು ಕೇಳಿಕೊಳ್ಳಿ. 38.3 ಇರುವುದು ನಾನ್‌ಸ್ಟ್ರೈಕರ್ ಮುಂಚೆಯೇ ಜಾಗ ಕದಿಯದಂತೆ. ತೋಳು ತಿರುಗಿಸಿ ವಂಚಿಸಿ ವಿಕೆಟ್ ಪಡೆಯಲೆಂದಲ್ಲ. ಈ ಪ್ರಶ್ನೆ ಸಾಮಾನ್ಯವಾಗಿ ದಾರಿ ತೋರಿಸುತ್ತದೆ.

ಎರಡು ಕೆಲಸ ಮಾತ್ರ ಬೇಡ. ಬೆನಿಫಿಟ್ ಆಫ್ ಡೌಟ್ ಎಂದು ನಿಯಮದ ಅರ್ಥದ ಸಂದೇಹವನ್ನೂ ಬ್ಯಾಟರ್‌ಗೆ ಕೊಡಬೇಡಿ. ಆ ಲಾಭ ಕಣ್ಣಿಗೆ ಸರಿಯಾಗಿ ಕಾಣದ್ದಕ್ಕೆ, ಪುಸ್ತಕ ಸರಿಯಾಗಿ ಓದದ್ದಕ್ಕಲ್ಲ. ಇನ್ನೊಂದು, ಗಲಾಟೆ ತಣಿಸಲು ಒಬ್ಬರಿಗಿಷ್ಟು ಇನ್ನೊಬ್ಬರಿಗಿಷ್ಟು ಎಂದು ಹಂಚಬೇಡಿ.

ಹೆಜ್ಜೆ 6: ಹೇಳುವ ರೀತಿ

ಎರಡು ವಾಕ್ಯ ಸಾಕು, ಇಬ್ಬರು ನಾಯಕರಿಗೂ ಒಂದೇ ಮಾತು. ‘ಚೆಂಡು ಎಸೆದಾಗ ಬ್ಯಾಟರ್‌ಗಳು ದಾಟಿರಲಿಲ್ಲ. 19.8ರ ಪ್ರಕಾರ ಒಂದು ಪ್ಲಸ್ ನಾಲ್ಕು, ಐದು ರನ್.’ ‘ನನಗೂ ಈ ನಿಯಮ ಸರಿ ಅನ್ಸಲ್ಲ, ಏನ್ ಮಾಡೋದು’ ಎಂದು ಸೇರಿಸಿದಿರೋ, ತೀರ್ಪಿನ ಜೊತೆಗೆ ವಿವಾದವನ್ನೂ ನೀವೇ ಕೈಯಾರೆ ಕೊಟ್ಟಂತಾಯಿತು. ಮೊಬೈಲ್ ತೆರೆದು ವಿಡಿಯೊ ತೋರಿಸಲು ಬಂದವರಿಗೆ, ಈ ಪಂದ್ಯದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಹೇಳಿ ಆಟ ಮುಂದುವರಿಸಿ.

ಹೆಜ್ಜೆ 7: ಅದೇ ದಿನ ವರದಿ ಬರೆಯಿರಿ

38.3ರ ಪಠ್ಯ ಬದಲಾದದ್ದು, ಮೈದಾನದಲ್ಲಿ ಎದ್ದ ಪ್ರಶ್ನೆ ಬರೆಯುವವರ ಮೇಜಿಗೆ ಮುಟ್ಟಿದ್ದರಿಂದ. ಝಾಂಪಾ ಪಂದ್ಯ ಟೀವಿಯಲ್ಲಿ ಬಂತು, ಮುಟ್ಟಿತು. ಹಾವೇರಿಯಲ್ಲೋ ಚಿಂತಾಮಣಿಯಲ್ಲೋ ನಡೆದ ಪಂದ್ಯದ ಗೊಂದಲ ನೀವು ಬರೆಯದೆ ಯಾರಿಗೂ ಮುಟ್ಟುವುದಿಲ್ಲ. ಆದ್ದರಿಂದ ಈ ಕೊನೆಯ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ವರದಿ ಒಂದು ಪುಟ ಮೀರದಿರಲಿ. ಓವರ್, ಎಸೆತ, ಏನಾಯಿತು; ಯಾವ ನಿಯಮ, ಯಾವ ಆವೃತ್ತಿ; ಅದನ್ನು ಹೇಗೆ ಓದಿದಿರಿ, ಆ ಓದಿಗೆ ಆಧಾರವೇನು; ತೀರ್ಪು. ಕೊನೆಯಲ್ಲಿ ಒಂದೇ ಒಂದು ನೇರ ಪ್ರಶ್ನೆ: ‘ಮುಂದೆ ಇಂಥದ್ದೇ ಬಂದರೆ ಹೇಗೆ ತೀರ್ಪು ಕೊಡಬೇಕು?’ ಆಟಗಾರರ ನಡತೆಯ ದೂರು ಇದ್ದರೆ ಅದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ದೊಡ್ಡ ಪಂದ್ಯಗಳಲ್ಲಿ ನಡತೆ ನೋಡಿಕೊಳ್ಳುವುದು ನಮ್ಮ ಜಾವಗಲ್ ಶ್ರೀನಾಥ್ ಅವರಂಥ ಮ್ಯಾಚ್ ರೆಫರಿಗಳು; ಔಟ್, ನಾಟೌಟ್ ತಿರುಗಿಸುವುದು ಅವರ ಕೆಲಸವಲ್ಲ. ಎರಡನ್ನೂ ಬೆರೆಸಿದರೆ ಓದುವವರ ಕಣ್ಣು ಜಗಳದ ಮೇಲೇ ನಿಲ್ಲುತ್ತದೆ, ನಿಯಮದ ಪ್ರಶ್ನೆ ಕಳೆದುಹೋಗುತ್ತದೆ.

ವರದಿಯಿಂದ ಆ ಪಂದ್ಯ ಬದಲಾಗುವುದಿಲ್ಲ. ಸ್ಕೋರ್ ಸರಿಯೆಂದು ಅಂಪೈರ್‌ಗಳೂ ಸ್ಕೋರರ್‌ಗಳೂ ಒಪ್ಪಿದ ಮೇಲೆ ಫಲಿತಾಂಶ ತಿದ್ದಲು ಬರುವುದಿಲ್ಲ ಎಂದು ನಿಯಮ 16 ಹೇಳುತ್ತದೆ. ಸೋತ ನಾಯಕನಿಗೂ ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ.

ಉತ್ತರ ಬಂದರೆ ಕಿಟ್‌ನಲ್ಲಿರುವ ಪುಸ್ತಕದ ಆ ಪುಟಕ್ಕೇ ಅಂಟಿಸಿ, ಜೊತೆಯವರಿಗೆ ಪ್ರತಿ ಕಳಿಸಿ. ಬರದಿದ್ದರೆ ಋತುವಿನ ಮುಂಚಿನ ಅಂಪೈರ್‌ಗಳ ಸಭೆಯಲ್ಲಿ ಎತ್ತಿ. ಅಲ್ಲೂ ತೀರ್ಮಾನವಾಗದಿದ್ದರೆ ಮುಂದಿನ ಪಂದ್ಯದ ದಿನ ಟಾಸ್‌ಗೆ ಮುಂಚೆ ಜೊತೆ ಅಂಪೈರ್ ಹತ್ತಿರ ಒಂದು ಓದನ್ನು ಗಟ್ಟಿಮಾಡಿಕೊಂಡು, ಸಹಿ ಹಾಳೆಯ ಮೊದಲ ಸಾಲಿನಲ್ಲೇ ಬರೆದು ಇಬ್ಬರು ನಾಯಕರಿಗೂ ಓದಿ ಹೇಳಿ.